ತಿಪಟೂರಿನ ಮನೆಮಂದಿಗೆ ಕಡಲ ಊರಲ್ಲಿ ನಾಲ್ಕು ದಿನ: ಹೊನ್ನಾವರವೇ ಏಕೆ?

ಪ್ರಶ್ನೆ: ನಾವು ತಿಪಟೂರು ತಾಲ್ಲೂಕಿನವರು, ತೆಂಗಿನ ತೋಟ ಇದೆ. ಮನೆಯಲ್ಲಿ ಯಜಮಾನರು, ಮಂಡಿನೋವಿನ ಅತ್ತೆ, ಐದು ಮತ್ತು ಎಂಟನೇ ತರಗತಿಯ ಇಬ್ಬರು ಮಕ್ಕಳು. ಹಿಂದೊಮ್ಮೆ ಧರ್ಮಸ್ಥಳ, ಕೊಲ್ಲೂರು, ಮುರುಡೇಶ್ವರ ಅಂತ ಎರಡೇ ದಿನದಲ್ಲಿ ಸುತ್ತಿ ಬಂದೆವು. ನೆನಪಲ್ಲಿ ಉಳಿದಿರುವುದು ವ್ಯಾನಿನ ಕಿಟಕಿ ಮಾತ್ರ. ಈ ಸಲ ಕಡಲ ಪಕ್ಕದ ಒಂದು ಸಮಾಧಾನದ ಊರಲ್ಲಿ ನಾಲ್ಕು ದಿನ ಇರಬೇಕು, ಹಸಿರು-ನೀರು ನೋಡಬೇಕು ಅಂತ ಆಸೆ. ಒಬ್ಬರು ಗೋವಾ ಅಂತಾರೆ, ಇನ್ನೊಬ್ಬರು ಗೋಕರ್ಣ ಅಂತಾರೆ. ಯಜಮಾನರಿಗೆ ಮೀನು ಬೇಕು, ಅತ್ತೆ ಮಾಂಸ ಬಿಟ್ಟು ವರ್ಷಗಳಾದವು. ಕಾರಿದೆ. ಯಾವ ಊರು? ದಸರಾ ರಜೆಯೋ, ಬೇಸಿಗೆ ರಜೆಯೋ? ಮಕ್ಕಳನ್ನು ನೀರಿಗೆ ಬಿಡಬಹುದಾ?

ಉತ್ತರ: ಹೊನ್ನಾವರಕ್ಕೆ ಹೋಗಿ. ದಸರಾ ರಜೆಯಲ್ಲೇ ಹೋಗಿ, ಅದರಲ್ಲೂ ವಿಜಯದಶಮಿ ಕಳೆದ ಮೇಲೆ. ಮಕ್ಕಳನ್ನು ನೀರಿಗೆ ಬಿಡುವ ವಿಷಯ ಸ್ವಲ್ಪ ಉದ್ದದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ಗೋವಾ ನಿಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ. ನಾಲ್ಕು ದಿನದಲ್ಲಿ ಹೆಚ್ಚುಕಡಿಮೆ ಎರಡು ದಿನ ರಸ್ತೆಗೇ ಹೋಗುತ್ತದೆ. ಗೋಕರ್ಣ ಚೆಂದದ ಊರೇ. ಆದರೆ ರಜೆಯ ದಿನಗಳಲ್ಲಿ ಬೆಂಗಳೂರಿನ ಅರ್ಧ ಜನ ಅಲ್ಲಿರುತ್ತಾರೆ, ಮತ್ತೆ ಕೂಡ್ಲೆ, ಓಂ ಕಡಲತೀರಗಳಿಗೆ ಮೆಟ್ಟಿಲಿಳಿದು ಹೋಗಬೇಕು. ನಿಮ್ಮ ಅತ್ತೆಯವರು ಕಾರಲ್ಲೇ ಕೂತು ನಿಮ್ಮ ಚಪ್ಪಲಿ ಕಾಯಬೇಕಾಗುತ್ತದೆ. ಹೊನ್ನಾವರದಲ್ಲಿ ಹಾಗಿಲ್ಲ. ಅಲ್ಲಿ ಹೊಳೆ, ಕಡಲು, ಕಾಡು, ಗುಡ್ಡ ನಾಲ್ಕೂ ಒಂದರ ಮಗ್ಗುಲಲ್ಲಿ ಒಂದಿವೆ, ಬಹುತೇಕ ಎಲ್ಲದರ ಹತ್ತಿರಕ್ಕೂ ಗಾಡಿ ಹೋಗುತ್ತದೆ. ಊರು ಇನ್ನೂ ತನ್ನ ಪಾಡಿಗೆ ತಾನು ಬದುಕುತ್ತಿದೆ. ಪ್ರವಾಸಿಗರಿಗೋಸ್ಕರ ವೇಷ ಕಟ್ಟಿಕೊಂಡಿಲ್ಲ.

ಇನ್ನೊಂದು ಅನುಕೂಲ ನಿಮ್ಮ ಮನೆ ಮುಂದೆಯೇ ಇದೆ. ಹಳಬರು ಇವತ್ತಿಗೂ 206 ಅಂತ ಕರೆಯುವ ಹೆದ್ದಾರಿ ತುಮಕೂರಿನಲ್ಲಿ ಹುಟ್ಟಿ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದಲ್ಲೇ ಕಡಲು ಸೇರುತ್ತಿತ್ತು. ಈಗ ನಂಬರುಗಳನ್ನು ತುಂಡು ತುಂಡಾಗಿ ಬದಲಾಯಿಸಿದ್ದಾರೆ, ದಾರಿ ಮಾತ್ರ ಅದೇ. ತುಮಕೂರಿನಿಂದ ಸುಮಾರು 360 ಕಿಲೋಮೀಟರ್, ನಿಮಗೆ ಮುನ್ನೂರರೊಳಗೆ. ಬೆಳಿಗ್ಗೆ ಐದಕ್ಕೆ ಹೊರಟರೆ ತಿಂಡಿಗೆ ಕಡೂರು–ಬೀರೂರು, ಊಟಕ್ಕೆ ಸಾಗರ. ಸಾಗರದಿಂದ ಮುಂದೆ ಅವಸರ ಬೇಡ.

ಈಗ ಕಾಲದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯವರು ಕರಾವಳಿಗೆ ಹೋಗಿ ಸೋತು ಬರುವುದನ್ನು ಪ್ರತಿ ವರ್ಷ ನೋಡುತ್ತೇನೆ. ನಮ್ಮದು ಸಮುದ್ರಮಟ್ಟದಿಂದ ಎಂಟುನೂರು ಮೀಟರ್ ಎತ್ತರದ ಒಣ ಬಯಲು. ಇಲ್ಲಿ 36 ಡಿಗ್ರಿ ಬಿಸಿಲಿದ್ದರೂ ಹುಣಸೆ ಮರದ ನೆರಳಿಗೆ ಹೋದರೆ ಜೀವ ಬರುತ್ತದೆ. ಅಲ್ಲಿ 33 ಇದ್ದರೂ ನೆರಳಲ್ಲೂ ಬೆವರು ಆರುವುದಿಲ್ಲ, ಗಾಳಿಯಲ್ಲೇ ನೀರಿರುತ್ತದೆ. ಬೆವರು ಆರದಿದ್ದರೆ ಮೈ ತಣಿಯುವ ದಾರಿಯೇ ಮುಚ್ಚಿದ ಹಾಗೆ. ವಯಸ್ಸಾದವರಿಗೆ ಇದು ಬರೀ ಕಿರಿಕಿರಿಯಲ್ಲ, ಅಪಾಯವೂ ಹೌದು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಬಿದ್ದರೆ ಕೆರೆ ಕಡೆ ಆಸೆಯಿಂದ ನೋಡುತ್ತೇವೆ. ಹೊನ್ನಾವರದಲ್ಲಿ ಅದು ಮೂರು ಸಾವಿರ ಮೀರುತ್ತದೆ, ಹೆಚ್ಚಿನ ಪಾಲು ಆ ಮೂರು ತಿಂಗಳಲ್ಲೇ. ಜೊತೆಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಆಗ ಯಜಮಾನರಿಗೂ ನಿರಾಸೆ.

ದಸರಾ ಹೊತ್ತಿಗೆ ಇದೆಲ್ಲ ತಿಳಿಯಾಗಿರುತ್ತದೆ. ಮಳೆ ಹಿಂದೆ ಸರಿದಿರುತ್ತದೆ (ಸಂಜೆ ಒಂದು ಗುಡುಗು-ಮಳೆ ಬಂದರೆ ಬೈಯಬೇಡಿ), ಗದ್ದೆ ಹಸಿರು, ಜಲಪಾತಗಳಲ್ಲಿ ನೀರು, ದೋಣಿಗಳು ಕಡಲಿಗಿಳಿದು ಎರಡು ತಿಂಗಳಾಗಿ ಮೀನೂ ಧಾರಾಳ. ವಿಜಯದಶಮಿಯಾದ ಐದನೇ ದಿನಕ್ಕೆ ಹುಣ್ಣಿಮೆ. ನಾವು ಸೀಗೆ ಹುಣ್ಣಿಮೆ ಅನ್ನುವುದನ್ನು ಸಾಗರ–ಸೊರಬದ ಕಡೆ ಭೂಮಿ ಹುಣ್ಣಿಮೆ ಅಂತ ಮಾಡುತ್ತಾರೆ. ತೆನೆ ಕಟ್ಟುವ ಪೈರನ್ನು ಬಸುರಿ ಅಂತ ಭಾವಿಸಿ ಗದ್ದೆಗೇ ಹೋಗಿ ಪೂಜೆ ಮಾಡಿ, ಅಲ್ಲೇ ಎಡೆಯಿಟ್ಟು ಊಟ ಮಾಡುತ್ತಾರೆ. ದೀವರು ಸಮುದಾಯದ ಮನೆಗಳಲ್ಲಿ ಅದಕ್ಕಾಗಿ ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಸಿದ್ಧವಾಗುತ್ತದೆ. ಪ್ರಯಾಣದ ದಿನ ಅದಕ್ಕೆ ಕೂಡಿಬಂದರೆ ದಾರಿಯಲ್ಲೇ ಒಂದು ಹಬ್ಬ ಸಿಗುತ್ತದೆ. ಈ ಕಾಲದಲ್ಲಿ ತಪ್ಪಿಹೋಗುವುದು ಒಂದೇ: ಯಕ್ಷಗಾನ ಮೇಳಗಳ ತಿರುಗಾಟ ಇನ್ನೂ ಶುರುವಾಗಿರುವುದಿಲ್ಲ, ಅದು ದೀಪಾವಳಿ ಕಳೆದ ಮೇಲೆ. ಇಡಗುಂಜಿ ಮೇಳ ಅಂತ ಹೆಸರಾದ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಮಂಡಳಿ ಇದೇ ತಾಲ್ಲೂಕಿನ ಗುಣವಂತೆಯದ್ದು. ಎಲ್ಲಾದರೂ ಅವರ ಆಟ ಇದೆಯಾ ಅಂತ ಉಳಿದುಕೊಂಡ ಮನೆಯವರನ್ನು ಕೇಳಿ ನೋಡಿ, ಕೇಳಿದರೆ ನಷ್ಟವೇನಿಲ್ಲ.

ಮೊದಲ ದಿನದ ದಾರಿಯಲ್ಲಿ ಜೋಗ ಇದೆ. 253 ಮೀಟರ್ ಎತ್ತರದಿಂದ ಬೀಳುವ ಆ ನೀರು ಲಿಂಗನಮಕ್ಕಿ ಅಣೆಕಟ್ಟಿನ ಕೃಪೆ. ಅಣೆಕಟ್ಟು ಮುಗಿದದ್ದು 1964ರಲ್ಲಿ, ಆಮೇಲೆ ಜೋಗದ ವೈಭವ ಮಳೆಗಾಲಕ್ಕೆ ಸೀಮಿತವಾಯಿತು. ಅಕ್ಟೋಬರಿನಲ್ಲಿ ಆ ವರ್ಷದ ಮಳೆ ನೋಡಿಕೊಂಡು ಚೆನ್ನಾಗಿಯೂ ಇರಬಹುದು, ಸಾಧಾರಣವಾಗಿಯೂ ಇರಬಹುದು. ಮೇಲಿನಿಂದ ನೋಡಿ ಮುಂದೆ ಹೋಗಿ. ಕೆಳಕ್ಕಿಳಿಯುವ ಮೆಟ್ಟಿಲಿನ ಸಾಹಸ ಈ ಸಲ ಬೇಡ. ಜೋಗದಿಂದ ಮುಂದೆ ಗೇರುಸೊಪ್ಪೆ ಘಟ್ಟ, ತಿರುವಿನ ಮೇಲೆ ತಿರುವು. ಎರಡು ಮಾತು ನೆನಪಿಡಿ. ಬೆಳಕಿರುವಾಗಲೇ ಇಳಿದು ಮುಗಿಸಿ. ಮಕ್ಕಳಿಗೆ ಸಾಗರದಲ್ಲಿ ಹೊಟ್ಟೆ ಬಿರಿಯ ತಿನ್ನಿಸಬೇಡಿ, ಮೊಬೈಲು ಕೊಟ್ಟು ತಲೆ ಬಗ್ಗಿಸಿ ಕೂರಿಸಬೇಡಿ. ಕಿಟಕಿಯಾಚೆ ನೋಡುತ್ತಿದ್ದರೆ ವಾಂತಿ ಕಡಿಮೆ. ಆ ಕಾಡು ಸಿಂಗಳೀಕಗಳ ನೆಲೆ. ಶರಾವತಿ ಕಣಿವೆಯ ಅಭಯಾರಣ್ಯಕ್ಕೆ 2019ರಲ್ಲಿ ಅವುಗಳ ಹೆಸರನ್ನೇ ಸೇರಿಸಿದರು. ಅದೃಷ್ಟವಿದ್ದರೆ ಮುಖದ ಸುತ್ತ ಬೂದು ಕೇಸರದ ಕಪ್ಪು ಮಂಗ ಮರದ ತುದಿಯಲ್ಲಿ ಕಂಡೀತು. ಕಂಡರೆ ಬಾಳೆಹಣ್ಣು ಎಸೆಯಬೇಡಿ. ರಸ್ತೆಗಿಳಿಯಲು ಕಲಿತ ಮಂಗ ಗಾಡಿಗೆ ಸಿಕ್ಕಿ ಸಾಯುತ್ತದೆ.

ಕಾರಿಲ್ಲದೆ ಇದನ್ನು ಓದುತ್ತಿರುವವರಿಗೆ ಒಂದು ಮಾತು: ಮೈಸೂರಿನಿಂದ ಬೆಂಗಳೂರು ಮೇಲೆ ಬರುವ ತಾಳಗುಪ್ಪ ರೈಲು ರಾತ್ರಿ ತುಮಕೂರು, ತಿಪಟೂರು, ಅರಸೀಕೆರೆ ದಾಟಿ ಬೆಳಿಗ್ಗೆ ತಾಳಗುಪ್ಪ ಮುಟ್ಟುತ್ತದೆ. ಅಲ್ಲಿಂದ ಜೋಗ ಹತ್ತಿರ, ಹೊನ್ನಾವರಕ್ಕೆ ಘಟ್ಟದ ಬಸ್ಸು ಹಿಡಿಯಬೇಕು. ಕುಣಿಗಲ್ ಕಡೆಯವರು ಬೆಂಗಳೂರಿಗೋ ಹಾಸನಕ್ಕೋ ಹೋಗಿ ಪಂಚಗಂಗಾ ರಾತ್ರಿ ರೈಲು ಹತ್ತಿದರೆ ಅದು ಹೊನ್ನಾವರದಲ್ಲೇ ಇಳಿಸುತ್ತದೆ.

ಹೊನ್ನಾವರ ಮುಟ್ಟಿದ ಮೇಲೆ ಊರು ಬದಲಾಯಿಸಬೇಡಿ. ಒಂದೇ ಕಡೆ ಮೂರು ರಾತ್ರಿ. ನಿಮ್ಮ ಹಿಂದಿನ ಪ್ರವಾಸ ಕೆಟ್ಟದ್ದು ಜಾಗಗಳಿಂದಲ್ಲ, ಪಟ್ಟಿಯಿಂದ. ಕಡಲ ಊರಿನಲ್ಲಿ ದಿನವನ್ನು ಹೊಂದಿಸಬೇಕಾದದ್ದು ನೀರಿಗೆ. ಯಾವ ಜಾಗಕ್ಕೆ ಹೋಗಬೇಕು ಅನ್ನುವುದಕ್ಕಿಂತ, ನೀರು ಏರುವಾಗ ಹೋಗಬೇಕಾ ಇಳಿಯುವಾಗ ಹೋಗಬೇಕಾ ಅನ್ನುವುದು ಅಲ್ಲಿ ಮುಖ್ಯ.

ಬಿಡಿಸಿ ಹೇಳುತ್ತೇನೆ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಸೇರುವ ಜಾಗ ಅಳಿವೆ. ದಿನಕ್ಕೆ ಎರಡು ಸಲ ಕಡಲು ಉಬ್ಬಿ ಈ ಅಳಿವೆಯೊಳಕ್ಕೆ ನುಗ್ಗಿ ಹೊಳೆಯನ್ನು ಹಿಂದಕ್ಕೆ ತಳ್ಳುತ್ತದೆ, ಎರಡು ಸಲ ಇಳಿದು ಹೋಗುತ್ತದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ನೀರು ತುಂಬಿದ್ದರೆ ನಾಳೆ ಸುಮಾರು ಐವತ್ತು ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಏರಿಳಿತ ಜೋರು, ಅಷ್ಟಮಿಯ ಸುತ್ತ ಮಂದ. ನಿಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲೇ ಇದರ ಅರ್ಧ ಲೆಕ್ಕ ಇದೆ. ಗಂಟೆಯ ಲೆಕ್ಕವನ್ನು ಹಿಂದಿನ ದಿನ ಸಂಜೆ ದೋಣಿಯವರನ್ನು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಾರೆ.

ಈ ಲೆಕ್ಕ ಗೊತ್ತಿದ್ದರೆ ಕಾಂಡ್ಲಾ ಕಾಡನ್ನು ಸರಿಯಾಗಿ ನೋಡಬಹುದು. ಉಪ್ಪುನೀರಲ್ಲೇ ಬೇರೂರಿ ನಿಲ್ಲುವ ಮರಗಳಿಗೆ ಅಲ್ಲಿ ಕಾಂಡ್ಲಾ ಅನ್ನುತ್ತಾರೆ. ಹೊಳೆಯಾಚೆಯ ಕಾಸರಕೋಡಿನ (ಕೇರಳದ ಕಾಸರಗೋಡಲ್ಲ) ಬಳಿ ಅರಣ್ಯ ಇಲಾಖೆ ಆ ಮರಗಳ ನಡುವೆ ಮರದ ಹಲಗೆಯ ಕಾಲುದಾರಿ ಕಟ್ಟಿದೆ. ಅತ್ತೆಯವರೂ ನಿಧಾನಕ್ಕೆ ನಡೆಯಬಹುದು, ನೆರಳಿದೆ. ಅಲ್ಲಿಗೆ ನೀರು ಇಳಿದಾಗ ಹೋಗಿ. ಆಗ ಕೆಸರಿನಿಂದ ಮೇಲಕ್ಕೆ ಚಾಚಿದ ಉಸಿರುಬೇರುಗಳು, ಬಿಲದ ಬಾಯಲ್ಲಿ ಏಡಿಗಳು, ಕೆಸರ ಮೇಲೆ ಕುಪ್ಪಳಿಸುವ ಪುಟ್ಟ ಮೀನುಗಳು, ಅವಕ್ಕೆ ಕಾದು ನಿಂತ ಬೆಳ್ಳಕ್ಕಿ, ಎಲ್ಲ ಕಾಣುತ್ತವೆ. ನೀರು ತುಂಬಿದಾಗ ಹೋದವರು “ಏನೂ ಇಲ್ಲ, ಬರೀ ಗಿಡ” ಅಂತ ವಾಪಸು ಬರುತ್ತಾರೆ. ದೋಣಿಗೆ ಇದು ಉಲ್ಟಾ. ನೀರು ತುಂಬಿರುವಾಗಲೇ ಸಣ್ಣ ದೋಣಿ ಕಾಂಡ್ಲಾ ನಡುವಿನ ಕಿರುಗಾಲುವೆಗಳ ಒಳಕ್ಕೆ ಹೋಗಲು ಸಾಧ್ಯ. ಇಳಿದಿದ್ದರೆ ಹೊಳೆಯ ನಡುವೆ ಸುತ್ತಾಡಿಸಿ ತಂದುಬಿಡುತ್ತಾರೆ. ಬೆಳಗಿನ ಹೊತ್ತು ಇನ್ನೂ ಒಳ್ಳೆಯದು. ಬಿಸಿಲೇರಿ ನೆಲ ಕಾದ ಮೇಲೆ ಕಡಲಗಾಳಿ ಬೀಸಲು ಶುರುವಾಗಿ ಹೊಳೆಯ ಮೈ ಕದಡುತ್ತದೆ. ದರ ತಲೆಗಿಷ್ಟಾ, ದೋಣಿಗಿಷ್ಟಾ, ಎಷ್ಟು ಹೊತ್ತು ಅಂತ ಹತ್ತುವ ಮೊದಲೇ ಮಾತಾಡಿ. ಎಲ್ಲರಿಗೂ ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ, ಎಷ್ಟೇ ಅಗ್ಗವಾದರೂ.

ದೋಣಿಯಿಂದ ರೈಲು ಸೇತುವೆ ಕಾಣುತ್ತದೆ. ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲುಮಾರ್ಗದಲ್ಲೇ ಅತಿ ಉದ್ದದ್ದು. ಮೇಲೆ ರೈಲು ಹೋಗುವಾಗ ಬೋಗಿ ಎಣಿಸುವ ಕೆಲಸ ಚಿಕ್ಕವನಿಗೆ ಕೊಡಿ. ಎಂಟನೇ ತರಗತಿಯವರಿಗೆ ಬೇರೆ ವಿಷಯ ಇದೆ: ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ, ಈ ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆ ಅಂತ ಬರೆದಿದ್ದಾನೆ. ಆಗ ಇದು ಹೆಸರಾದ ಬಂದರು. ಅಳಿವೆಯಾಚೆ ಕಡಲಲ್ಲಿ ಕಾಣುವ ನಡುಗಡ್ಡೆ ಬಸವರಾಜದುರ್ಗ, ಮೇಲೆ ಹಳೆಯ ಕೋಟೆಯ ಗೋಡೆಗಳಿವೆ. ದಡದಿಂದ ನೋಡಿದರೆ ಸಾಕು. ಹುಣ್ಣಿಮೆ ಹೊತ್ತಿನ ನೀರಿನಲ್ಲಿ ಮನೆಮಂದಿಯೆಲ್ಲ ಅಲ್ಲಿಗೆ ದೋಣಿಯಲ್ಲಿ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಈಗ ಮಕ್ಕಳು ಮತ್ತು ನೀರು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ಜೀವ ಕಳೆದುಕೊಂಡರು. ನಮ್ಮ ಸೀಮೆಯ ಮಕ್ಕಳಿಗೆ ನೀರೆಂದರೆ ಕೆರೆ, ಬಾವಿ, ಕೃಷಿಹೊಂಡ. ಅಲ್ಲಿ ಭಯ ಆಳದ್ದು. ದಡದ ಹತ್ತಿರ ಇದ್ದರೆ ಬಚಾವು ಅನ್ನುವ ನಂಬಿಕೆ. ಕಡಲಲ್ಲಿ ದಡದ ಹತ್ತಿರವೇ ಸೆಳೆತ ಇರುತ್ತದೆ. ಅಲೆಗಳು ತಂದು ಸುರಿದ ನೀರು ವಾಪಸು ಹೋಗಬೇಕಲ್ಲ, ಅದು ಒಂದು ಕಿರಿದಾದ ಓಣಿ ಹಿಡಿದು ರಭಸದಿಂದ ಕಡಲ ಒಳಕ್ಕೆ ಹರಿಯುತ್ತದೆ. ಮೋಸ ಏನೆಂದರೆ, ಆ ಓಣಿಯಲ್ಲಿ ಅಲೆ ಒಡೆಯುವುದಿಲ್ಲ. ಅಕ್ಕಪಕ್ಕ ನೊರೆಯಿದ್ದು ನಡುವೆ ಒಂದು ಪಟ್ಟಿ ಮಾತ್ರ ಸಮಾಧಾನವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ, ಮಕ್ಕಳು ಅಲ್ಲಿಗೇ ಓಡುತ್ತಾರೆ. ಅದೇ ಎಳೆದುಕೊಂಡು ಹೋಗುವ ಜಾಗ. ಸಿಕ್ಕಿಕೊಂಡವರು ದಡದ ಕಡೆಗೇ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬಂದ ಮೇಲೆ ದಡದ ಕಡೆ ಬರಬೇಕು. ಈಜು ಬಾರದವರಿಗೆ ಇದೂ ಆಗದ ಮಾತು, ಅದಕ್ಕೇ ಮೊಣಕಾಲಿನ ಗೆರೆ ದಾಟಬಾರದು.

ಆದ್ದರಿಂದ ಉತ್ತರ: ಬಿಡಬಹುದು, ಕಾಸರಕೋಡಿನ ಇಕೋ ಬೀಚಿನಲ್ಲಿ ಮಾತ್ರ, ಗುರುತು ಹಾಕಿದ ಜಾಗದಲ್ಲಿ ಮಾತ್ರ, ಜೀವರಕ್ಷಕರು ಇರುವ ಹೊತ್ತಿನಲ್ಲಿ ಮಾತ್ರ, ನಿಮ್ಮಿಬ್ಬರಲ್ಲಿ ಒಬ್ಬರು ಮಕ್ಕಳಿಗಿಂತ ಕಡಲ ಕಡೆಗೆ ನಿಂತು. ಇಲ್ಲಿಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು, ದೇಶದ ಮೊದಲ ಎಂಟು ಕಡಲತೀರಗಳಲ್ಲಿ ಇದೂ ಒಂದು. ಸ್ನಾನಕ್ಕೆ, ಬಟ್ಟೆ ಬದಲಾಯಿಸಲು ವ್ಯವಸ್ಥೆ ಇದೆ, ಗಾಳಿಮರದ ತೋಪಿನ ನೆರಳಿದೆ, ಅತ್ತೆಯವರು ಕೂರಬಹುದು. ಭಾನುವಾರ ತಪ್ಪಿಸಿ. ಅಳಿವೆಯ ಬಾಯಲ್ಲಿ ಮಾತ್ರ, ನೀರು ಎಷ್ಟೇ ಸೌಮ್ಯವಾಗಿ ಕಂಡರೂ, ಯಾರೂ ಕಾಲಿಡಬೇಡಿ. ಹುಣ್ಣಿಮೆಯ ಇಳಿತದಲ್ಲಿ ಇಡೀ ಹೊಳೆ ಅಲ್ಲಿ ಕಡಲಿಗೆ ಓಡುತ್ತಿರುತ್ತದೆ.

ಅದೇ ಕಾಸರಕೋಡಿನ ಟೊಂಕದ ಕಡೆ ಮೀನುಗಾರರ ಮನೆಗಳಿವೆ. ಒಣಮೀನು ಹರವಿದ ಅಂಗಳ, ಬಲೆ ನೇಯುವವರು, ಬಣ್ಣದ ದೋಣಿಗಳು. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡುವ ಮರಳೂ ಇದೇ. ಇಲ್ಲಿ ಖಾಸಗಿ ಬಂದರು ಕಟ್ಟುವ ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ಜೊತೆ ಕೂತು ಮಾತಾಡಿ, ಆದರೆ ಕೇಳದೆ ಫೋಟೋ ತೆಗೆಯಬೇಡಿ.

ಎರಡನೇ ದಿನ ಹೊಳೆ, ಕಾಂಡ್ಲಾ, ಬೀಚು ಅಂದುಕೊಂಡರೆ ಮೂರನೆಯದು ಅತ್ತೆಯವರದ್ದಾಗಲಿ. ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಇಡಗುಂಜಿ. ಗೂಳೂರಿನ ದೊಡ್ಡ ಮಣ್ಣಿನ ಗಣಪನಿಗೆ ಕೈಮುಗಿದು ಬೆಳೆದ ನಮ್ಮವರಿಗೆ ಇಲ್ಲಿಯ ಗಣಪ ಬೇರೆಯೇ: ಕಲ್ಲಿನವನು, ಪುಟ್ಟವನು, ಎರಡೇ ಕೈ, ನಿಂತಿದ್ದಾನೆ. ಬೆಳಿಗ್ಗೆ ಬೇಗ ಹೋದರೆ ಸಾಲು ಸಣ್ಣದು. ಬರುತ್ತಾ ಅಪ್ಸರಕೊಂಡ. ಗುಡ್ಡದ ಮೇಲಿನ ಉದ್ಯಾನದಿಂದ ಕಡಲು ಅಗಲವಾಗಿ ಕಾಣುತ್ತದೆ, ಕೆಳಗೆ ಮರಗಳ ಮಧ್ಯೆ ಸಣ್ಣ ಜಲಪಾತ, ಪಕ್ಕದಲ್ಲಿ ಗುಹೆಗಳು. ಜನವರಿಗೆ ಹೋದವರಿಗೆ ಅಲ್ಲಿ ನೂಲಿನಂಥ ಧಾರೆ ಸಿಕ್ಕೀತು. ನಿಮಗೆ ನಿಜವಾದ ಜಲಪಾತವೇ ಇರುತ್ತದೆ. ಮುರುಡೇಶ್ವರ ಇಡಗುಂಜಿಯಿಂದ ಹತ್ತಿರ, ಆದರೆ ಒಮ್ಮೆ ನೋಡಿದ್ದೀರಿ, ಬಿಡಿ. ಆ ಮಧ್ಯಾಹ್ನ ಉಂಡು ಮಲಗಿ.

ಊಟದ ಮಾತು. ಮುದ್ದೆಯ ಆಸೆ ಬಿಟ್ಟುಬಿಡಿ. ಅತ್ತೆಯವರಿಗೆ ಸಸ್ಯಾಹಾರಿ ಖಾನಾವಳಿಗಳು ಊರಲ್ಲಿವೆ. ತಂಬುಳಿ, ಅಪ್ಪೆಹುಳಿ, ಮುರುಗಲ ಹಣ್ಣಿನ ಪಾನಕ ಇದ್ದರೆ ಬಿಡಬೇಡಿ, ಆ ಸೆಖೆಗೆ ಇವೇ ಮದ್ದು. ಯಜಮಾನರು ಮೀನಿನ ಹೋಟೆಲಿನಲ್ಲಿ ಹಾಳೆ ನೋಡಿ ಆರ್ಡರ್ ಮಾಡುವ ಬದಲು “ಇವತ್ತು ಏನು ಬಂದಿದೆ” ಅಂತ ಕೇಳಲಿ. ಬಂಗುಡೆ, ತಾರ್ಲೆ (ಭೂತಾಯಿ) ಅಗ್ಗದವು, ರುಚಿಗೆ ದುಬಾರಿ ಇಸೋಣಕ್ಕೇನೂ (ಅಂಜಲ್) ಕಡಿಮೆಯಿಲ್ಲ. ಶೆಟ್ಲಿ ಅಂದರೆ ಸಿಗಡಿ. ಅಡುಗೆಗೆ ತೆಂಗಿನೆಣ್ಣೆಯೇ ಹೆಚ್ಚು, ಕೊಬ್ಬರಿಯ ಊರಿನವರಾದ ನಿಮಗೆ ಅದೇನೂ ಸಮಸ್ಯೆಯಾಗದು. ಅಂದಹಾಗೆ, ನಮ್ಮಲ್ಲಿ ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿ ಮಾಡುವುದನ್ನು ಯಜಮಾನರು ಅಲ್ಲಿಯ ತೋಟದವರಿಗೆ ವಿವರಿಸಲಿ. ಆ ತೇವದ ಗಾಳಿಯಲ್ಲಿ ಹೋಳು ಮಾಡಿ ಬಿಸಿಲಿಗಿಟ್ಟು ಒಣಗಿಸುವವರಿಗೆ ಇದು ಸೋಜಿಗ. ಒಂದು ಸಂಜೆ ಅದರಲ್ಲೇ ಕಳೆಯುತ್ತದೆ.

ಉಳಿಯಲು ಊರೊಳಗಿನ ಲಾಡ್ಜಿಗಿಂತ ಕಾಸರಕೋಡು ಕಡೆಯ ಅಥವಾ ಹೊಳೆದಂಡೆಯ ಹೋಮ್‌ಸ್ಟೇ ನೋಡಿ. ಫೋನಿನಲ್ಲೇ ಕೇಳಬೇಕಾದ್ದು: ನೆಲಮಹಡಿಯ ಕೋಣೆ ಇದೆಯಾ, ಕಮೋಡ್ ಇದೆಯಾ, ಹೆದ್ದಾರಿಯಿಂದ ಎಷ್ಟು ದೂರ. ಕರಾವಳಿಯ ಹೆದ್ದಾರಿ 66ರಲ್ಲಿ ರಾತ್ರಿಯಿಡೀ ಲಾರಿ ಓಡುತ್ತವೆ. ಬಟ್ಟೆ ಒಂದೊಂದು ಜೊತೆ ಹೆಚ್ಚಿಗೆ ಇರಲಿ, ಒಗೆದದ್ದು ಒಂದು ದಿನದಲ್ಲಿ ಒಣಗುವುದಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಹೊರಟು ಮೊದಲು ಗೇರುಸೊಪ್ಪೆಯಲ್ಲಿ ನಿಲ್ಲಿ. ಹೊಳೆಯಾಚೆ ಕಾಡಿನ ನಡುವೆ, ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ ಇದೆ, ನಾಲ್ಕು ದಿಕ್ಕಿಗೂ ಬಾಗಿಲು. ಹದಿನಾರನೇ ಶತಮಾನದಲ್ಲಿ ಚೆನ್ನಭೈರಾದೇವಿ ಈ ನಾಡನ್ನಾಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಘಟ್ಟದ ಮೆಣಸು ಇದೇ ಹೊಳೆಯಲ್ಲಿಳಿದು ಕಡಲು ಸೇರುತ್ತಿತ್ತು. ಸುತ್ತ ಆಗಿನ ಪಟ್ಟಣದ ಕಲ್ಲುಗಳು ಕಾಡಲ್ಲಿ ಚದುರಿವೆ. ಇಡೀ ಪ್ರವಾಸದಲ್ಲಿ ಅತಿ ಕಡಿಮೆ ಜನ ಸಿಗುವ ಜಾಗ ಇದು, ನನ್ನ ಮಟ್ಟಿಗೆ ಅತಿ ಚೆಂದದ್ದೂ. ಹತ್ತು ಗಂಟೆಯೊಳಗೆ ನೋಡಿ ಘಟ್ಟ ಹತ್ತಿದರೆ ರಾತ್ರಿ ಊಟಕ್ಕೆ ತಿಪಟೂರು.

ಯಜಮಾನರು ಒಣಮೀನು ಕೊಂಡೇ ಕೊಳ್ಳುತ್ತಾರೆ. ಕೊಳ್ಳಲಿ, ಎರಡು ಪ್ಲಾಸ್ಟಿಕ್ ಚೀಲ, ಮೇಲೊಂದು ಮುಚ್ಚಳದ ಡಬ್ಬಿಗೆ ಹಾಕಿ ಡಿಕ್ಕಿಯ ಕೊನೆಯಲ್ಲಿಡಿ. ಘಟ್ಟದ ತಿರುವಿನಲ್ಲಿ ಆ ವಾಸನೆಗೆ ಅತ್ತೆಯವರ ಹೊಟ್ಟೆ ತೊಳಸಿದರೆ ಹೊಣೆ ನನ್ನದಲ್ಲ.